ಶಾಲೆಗೆ ಟಿ.ವಿ. ಕೊಳ್ಳುವ ಮೊದಲು ಕೊನೆಯ ಸಾಲಿನಲ್ಲಿ ಕುಳಿತು ನೋಡಿ

ನಮ್ಮ ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ಭಾಗದಲ್ಲಿ ಕನ್ನಡ ಶಾಲೆಯ ಇಬ್ಬರು ಗುರುಗಳು ಒಂದೆಡೆ ಕೂಡಿದರೆ ಸಾಕು, ಈಗೀಗ ಟಿ.ವಿ.ಯ ಮಾತು ಬಂದೇ ಬರುತ್ತದೆ. "ನಿಮ್ಮ ಸಾಲಿಗೆ ಎಷ್ಟು ಇಂಚಿಂದು ತಂದ್ರಿ ಸರ್? ಫೋರ್‌ಕೆ ಐತೇನು? ಕ್ಯೂಎಲ್‌ಇಡಿ ಛಲೋನೋ, ಒಎಲ್‌ಇಡಿ ಛಲೋನೋ?" ಅಂತ. 2015ರಲ್ಲಿ ಮಹಾರಾಷ್ಟ್ರ ಸರಕಾರದ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ' ಕಾರ್ಯಕ್ರಮ ಶುರುವಾದ ಮೇಲೆ ಡಿಜಿಟಲ್ ಶಾಲೆಯ ಗಾಳಿ ಜೋರಾಗಿ ಬೀಸಿತು. ಲೋಕವರ್ಗಣಿ ಕೂಡಿಸಿ ಟಿ.ವಿ., ಪ್ರೊಜೆಕ್ಟರ್ ತರುವುದು ಊರಿನ ಹೆಮ್ಮೆಯ ಸಂಗತಿಯಾಯಿತು. ಆಗ ತಂದವುಗಳಲ್ಲಿ ಎಷ್ಟೋ ಈಗ ಹಳೆಯವಾಗಿವೆ, ಕೆಲವು ಕೆಟ್ಟು ಕಪಾಟಿನ ಮೇಲೆ ಕುಳಿತಿವೆ. ಹೀಗಾಗಿ ಹೊಸ ಟಿ.ವಿ. ತರುವ ಎರಡನೇ ಸುತ್ತು ಈಗ ನಡೆದಿದೆ.

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಒಮ್ಮೆ ನೆನೆಯಬೇಕು. ಕಬ್ಬು ಕಡಿಯಲು ಹೋಗಿ ಬಂದ ಪಾಲಕರು ಕೊಟ್ಟದ್ದು, ಪುಣೆ-ಮುಂಬಯಿಯಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ಕಳಿಸಿದ್ದು, ಜಾತ್ರೆಯ ಪಟ್ಟಿಯಲ್ಲಿ ಉಳಿದದ್ದು.. ಇಂಥ ಹಣ ಮತ್ತೆ ಮತ್ತೆ ಕೂಡುವುದಿಲ್ಲ. ಒಮ್ಮೆ ತಂದ ಟಿ.ವಿ. ಏಳೆಂಟು ವರ್ಷವಾದರೂ ಬಾಳಬೇಕು. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಕನ್ನಡ ಶಾಲೆಗೆ ಬೇಕಾದದ್ದು ಅಂಗಡಿಯಲ್ಲಿ ಹೆಚ್ಚು ಮಿನುಗುವ ಟಿ.ವಿ. ಅಲ್ಲ. ಕೊನೆಯ ಸಾಲಿನ ಮಗುವಿಗೆ ಒತ್ತಕ್ಷರ ಕಾಣಿಸುವ, ಬದಿಗೆ ಕುಳಿತ ಮಗುವಿಗೆ ಬಣ್ಣ ಮಾಸದ, ಹಗಲು ಬೆಳಕಿನಲ್ಲೂ ಓದಲು ಬರುವ ಟಿ.ವಿ. ಅಷ್ಟೇ ಸಾಕು. ಉಳಿದ ಹಣ ಧ್ವನಿಗೆ, ಕರೆಂಟಿನ ವ್ಯವಸ್ಥೆಗೆ ಮತ್ತು ಕನ್ನಡ ಪಾಠಗಳಿಗೆ ಹೋಗಬೇಕು.

ಇನ್ನು ಹೆಸರುಗಳ ಗೊಂದಲಕ್ಕೆ ಬರೋಣ. ಅಂಗಡಿಯಲ್ಲಿ ಹತ್ತು ಹೆಸರು ಹೇಳುತ್ತಾರೆ. ಆದರೆ ಇಂದು ಮನೆಗೆ, ಶಾಲೆಗೆ ಮಾರಾಟವಾಗುವ ಟಿ.ವಿ.ಗಳಲ್ಲಿ ಮುಖ್ಯವಾಗಿ ಇರುವುದು ಎರಡೇ ಕುಲ.

ಒಂದು ಎಲ್‌ಸಿಡಿ ಕುಲ. ಇದರ ಪರದೆಯಲ್ಲಿರುವ ದ್ರವ ಹರಳು ತಾನೇ ಬೆಳಗುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬುದನ್ನಷ್ಟೇ ಅದು ಮಾಡುತ್ತದೆ. ಕಿಟಕಿಗೆ ಹಾಕಿದ ಪಟ್ಟಿಯ ಪರದೆಯ ಹಾಗೆ ಅಂದುಕೊಳ್ಳಿ. ಮೊದಲು ಈ ಹಿಂಬೆಳಕಿಗೆ ಸಣ್ಣ ಟ್ಯೂಬ್‌ಲೈಟಿನಂಥ ದೀಪ ಬಳಸುತ್ತಿದ್ದರು. ಆಮೇಲೆ ಎಲ್‌ಇಡಿ ಬಂತು. ಬಿಳಿ ಬೆಳಕಿನ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಯ ಶೋಧಕ್ಕೆ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ನಮ್ಮ ವಿಜ್ಞಾನ ಗುರುಗಳಿಗೆ ಗೊತ್ತೇ ಇದೆ. ಅಂದರೆ ನಾವು 'ಎಲ್‌ಇಡಿ ಟಿ.ವಿ.' ಅನ್ನುವುದು ಎಲ್‌ಇಡಿ ಹಿಂಬೆಳಕಿನ ಎಲ್‌ಸಿಡಿ ಟಿ.ವಿ.ಯೇ. 'ಕ್ಯೂಎಲ್‌ಇಡಿ' ಕೂಡ ಇದೇ ಕುಲದ್ದು. ಹಿಂಬೆಳಕಿನ ಮುಂದೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಒಂದು ಪದರ ಇರುತ್ತದೆ, ಅದರಿಂದ ಬಣ್ಣ ಹೆಚ್ಚು ಶುದ್ಧವಾಗಿ ಬರುತ್ತದೆ. ಈ ಕಣಗಳ ಶೋಧಕ್ಕೆ ಬವೆಂಡಿ, ಬ್ರೂಸ್, ಎಕಿಮೋವ್ ಅವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. 'ಮಿನಿ ಎಲ್‌ಇಡಿ' ಅಂದರೆ ಹಿಂಬೆಳಕಿನ ದೀಪಗಳನ್ನು ಬಹಳ ಸಣ್ಣದು ಮಾಡಿ, ಸಾವಿರಾರು ಸಂಖ್ಯೆಯಲ್ಲಿ ಇಟ್ಟು, ಗುಂಪು ಗುಂಪಾಗಿ ಹೆಚ್ಚು ಕಡಿಮೆ ಮಾಡುವುದು. ಇದರಿಂದ ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಬಿಳುಪು ಇನ್ನಷ್ಟು ಹೊಳೆಯುತ್ತದೆ.

ಇನ್ನೊಂದು ಒಎಲ್‌ಇಡಿ ಕುಲ. ಇದರಲ್ಲಿ ಹಿಂಬೆಳಕೇ ಇಲ್ಲ. ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಬೇಡವಾದಾಗ ಪೂರ್ತಿ ಆರುತ್ತದೆ. ಆದ್ದರಿಂದ ಕಪ್ಪು ಅಂದರೆ ನಿಜವಾದ ಕಪ್ಪು. 2007ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಮಾರಾಟಕ್ಕೆ ತಂದ ಮೊದಲ ಒಎಲ್‌ಇಡಿ ಟಿ.ವಿ. ಬರೀ 11 ಇಂಚಿನದಾಗಿತ್ತು. ಈಗ ಗೋಡೆ ತುಂಬುವಷ್ಟು ದೊಡ್ಡವು ಸಿಗುತ್ತವೆ. ನಡುವೆ ಪ್ಲಾಸ್ಮಾ ಎಂಬುದೊಂದು ಬಂದಿತ್ತು. 2013-14ರ ಹೊತ್ತಿಗೆ ದೊಡ್ಡ ಕಂಪನಿಗಳು ಅದನ್ನು ಮಾಡುವುದನ್ನೇ ಬಿಟ್ಟವು. ಹೀಗಾಗಿ ಯಾರಾದರೂ ಹಳೆಯ ಪ್ಲಾಸ್ಮಾ ಟಿ.ವಿ. ಶಾಲೆಗೆ ದಾನ ಕೊಡಲು ಬಂದರೆ ನಯವಾಗಿ ಬೇಡವೆನ್ನುವುದೇ ಒಳ್ಳೆಯದು. ಬಿಡಿಭಾಗ ಸಿಗುವುದಿಲ್ಲ, ಕರೆಂಟೂ ಬಹಳ ತಿನ್ನುತ್ತದೆ.

ಹಾಗಾದರೆ ಎಲ್ಲಕ್ಕಿಂತ ಒಎಲ್‌ಇಡಿಯೇ ಶ್ರೇಷ್ಠವಲ್ಲವೇ? ರಾತ್ರಿ ದೀಪ ಆರಿಸಿ, ಏಳೆಂಟು ಅಡಿ ದೂರದಲ್ಲಿ ಕುಳಿತು ಸಿನಿಮಾ ನೋಡುವ ಮನೆಗೆ ಹೌದು. ಹಣವಿದ್ದವರು ಮನೆಗೆ ತರಲಿ, ನಮ್ಮ ತಕರಾರಿಲ್ಲ. ಆದರೆ ನಮ್ಮ ವರ್ಗಕೋಣೆಯ ಕೆಲಸವೇ ಬೇರೆ. ಇಲ್ಲಿ ಪರದೆಯ ಮೇಲೆ ಬರುವುದು ಹೆಚ್ಚಾಗಿ ಪಾಠಪುಸ್ತಕದ ಪುಟ, ಅಂದರೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ. ಪರದೆ ಪೂರ್ತಿ ಬಿಳಿಯಾದಾಗ ಒಎಲ್‌ಇಡಿ ತನ್ನ ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಅದಕ್ಕೆ ಕಾವು ಹೆಚ್ಚು. ಎರಡನೆಯದು, ಒಂದೇ ಚಿತ್ರವನ್ನು ದಿನವೂ ಗಂಟೆಗಟ್ಟಲೆ ನಿಲ್ಲಿಸಿದರೆ ಅದರ ಅಚ್ಚು ಪರದೆಯಲ್ಲಿ ಉಳಿಯುವ ಭಯ ಇದೆ. ಹೊಸ ಮಾದರಿಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ, ಹೋಗಿಲ್ಲ. ಮಗ್ಗಿ ಹಾಕಿ ಅರ್ಧ ತಾಸು ಬಿಡುವವರು ನಾವು. ಮೂರನೆಯದು ಬೆಲೆ. ಅದೇ ಹಣಕ್ಕೆ ಎಲ್‌ಇಡಿ ಕುಲದಲ್ಲಿ ಬಹಳ ದೊಡ್ಡ ಪರದೆ ಸಿಗುತ್ತದೆ. ಹೀಗಾಗಿ ಕಿಟಕಿ ಬಾಗಿಲು ತೆರೆದ ಶಾಲೆಗೆ ಸಾಧಾರಣ ಎಲ್‌ಇಡಿಯೇ ಸರಿಯಾದ ಆಯ್ಕೆ ಎಂಬುದು ನಮ್ಮ ವಾದ.

ಇನ್ನು 'ಎಚ್‌ಡಿ', 'ಫುಲ್ ಎಚ್‌ಡಿ', '4ಕೆ' ವಿಷಯ. ಇವು ಚುಕ್ಕೆಗಳ ಲೆಕ್ಕ. ಎಚ್‌ಡಿ ರೆಡಿ ಅಂದರೆ ಸಾಮಾನ್ಯವಾಗಿ 1366×768, ಹತ್ತೂವರೆ ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಅಂದರೆ 1920×1080, ಸುಮಾರು 20.7 ಲಕ್ಷ. 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಸಂಖ್ಯೆ ನಾಲ್ಕು ಪಟ್ಟಾದರೆ ಕಾಣಿಸುವುದೂ ನಾಲ್ಕು ಪಟ್ಟಾಗುತ್ತದೆಯೇ? ಇಲ್ಲ. ಏಕೆಂದರೆ ಕಣ್ಣಿಗೂ ಒಂದು ಮಿತಿ ಇದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. 20 ಅಡಿ ದೂರದಲ್ಲಿ, ಅಂದರೆ ಸುಮಾರು 6 ಮೀಟರಿನಲ್ಲಿ, ಅದು ಒಂದೂಮುಕ್ಕಾಲು ಮಿಲಿಮೀಟರ್ ಆಗುತ್ತದೆ. 55 ಇಂಚಿನ ಫುಲ್ ಎಚ್‌ಡಿ ಟಿ.ವಿ.ಯಲ್ಲಿ ಒಂದು ಚುಕ್ಕೆಯ ಅಗಲ ಸುಮಾರು 0.63 ಮಿ.ಮೀ., 4ಕೆಯಲ್ಲಿ 0.32 ಮಿ.ಮೀ. ಎರಡೂ ಕೊನೆಯ ಸಾಲಿನ ಕಣ್ಣಿನ ಮಿತಿಗಿಂತ ಎಷ್ಟೋ ಕೆಳಗೆ! ಅಂದರೆ ಅಲ್ಲಿ ಕುಳಿತ ಮಗುವಿಗೆ ಎರಡೂ ಒಂದೇ. 4ಕೆಯ ಪೂರ್ತಿ ಸೊಗಸು ಕಾಣಬೇಕಾದರೆ ಅಂಥ ಪರದೆಗೆ ಮೂರೂವರೆ ಅಡಿ ಹತ್ತಿರ ಬರಬೇಕು. ಹಾಗೆ ಬಂದರೆ ಗುರುಗಳು ಬೈಯುತ್ತಾರೆ.

ಹಾಗೆಂದು 4ಕೆ ಬೇಡ ಅನ್ನುತ್ತಿಲ್ಲ. 55 ಇಂಚು ಮತ್ತು ಮೇಲಿನವು ಈಗ ಬಹುತೇಕ 4ಕೆಯಲ್ಲೇ ಬರುತ್ತವೆ. ತಾನಾಗಿ ಬಂದರೆ ಬರಲಿ, ಅದಕ್ಕಾಗಿ ಹೆಚ್ಚಿನ ಹಣ ತೆರುವುದು ಮಾತ್ರ ಬೇಡ. 55 ಇಂಚಿನ ಫುಲ್ ಎಚ್‌ಡಿಗೂ 43 ಇಂಚಿನ 4ಕೆಗೂ ನಡುವೆ ಆರಿಸುವ ಪ್ರಸಂಗ ಬಂದರೆ ಎರಡು ಸಲ ಯೋಚಿಸದೆ ದೊಡ್ಡದನ್ನೇ ತನ್ನಿರಿ.

ಇಲ್ಲಿಯೇ ನಮ್ಮ ಕನ್ನಡದ ಪ್ರಶ್ನೆ ಬರುತ್ತದೆ. ಈ ಮಾತನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಏಕೆಂದರೆ ಟಿ.ವಿ.ಯ ಅಳತೆಯ ಸೂತ್ರಗಳೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಸಿನಿಮಾ ಲೆಕ್ಕದಲ್ಲಿ ಮಾಡಿದಂಥವು. ಕಣ್ಣಿನ ಡಾಕ್ಟರು 6/6 ಅನ್ನುತ್ತಾರಲ್ಲ, ಆ ಸಾಲಿನ ಅಕ್ಷರದ ಎತ್ತರ 6 ಮೀಟರಿಗೆ ಸುಮಾರು 9 ಮಿ.ಮೀ. ಅದು ಕಷ್ಟಪಟ್ಟು ಓದುವ ಅತಿ ಸಣ್ಣ ಅಳತೆ, ಅದೂ ಬಿಡಿ ಇಂಗ್ಲಿಷ್ ಅಕ್ಷರ. ನಮ್ಮ ಲಿಪಿಯಲ್ಲಿ ತಲೆಕಟ್ಟಿನ ಕೆಳಗೆ ಅಕ್ಷರ, ಅದರ ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಪಕ್ಕದಲ್ಲಿ ಇನ್ನೊಂದು ಒತ್ತು. ಒತ್ತಿನ ಗಾತ್ರ ಮೂಲ ಅಕ್ಷರದ ಅರ್ಧದಷ್ಟು. 'ಪ' ಮತ್ತು 'ಫ' ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು. 'ದ' 'ಧ' ಕೂಡ ಹಾಗೆಯೇ. ಇನ್ನೂ ಓದು ಕಲಿಯುತ್ತಿರುವ ಮಗು ನಮ್ಮ ಹಾಗೆ ಅಂದಾಜಿನ ಮೇಲೆ ಓದುವುದಿಲ್ಲ, ಪ್ರತಿ ಗೆರೆಯನ್ನೂ ನೋಡುತ್ತದೆ. ಆದ್ದರಿಂದ 20 ಅಡಿಗೆ ಒತ್ತು ಸಲೀಸಾಗಿ ಕಾಣಬೇಕಾದರೆ ಮೂಲ ಅಕ್ಷರ ನಾಲ್ಕರಿಂದ ಐದು ಸೆಂಟಿಮೀಟರ್ ಇರಬೇಕು. ಒತ್ತು ಮತ್ತು ನಡುವಿನ ಜಾಗ ಸೇರಿದರೆ ಒಂದು ಸಾಲಿಗೆ ಸುಮಾರು 9 ಸೆಂ.ಮೀ. ಬೇಕು.

ಈಗ ಭಾಗಾಕಾರ ಮಾಡಿ. 43 ಇಂಚಿನ ಪರದೆಯ ಎತ್ತರ ಸುಮಾರು 53 ಸೆಂ.ಮೀ., ಅದರಲ್ಲಿ ಹಿಡಿಯುವುದು ಐದಾರು ಸಾಲು. 55 ಇಂಚಿನದು 68 ಸೆಂ.ಮೀ., ಏಳು ಸಾಲು. 65 ಇಂಚಿನದು 81 ಸೆಂ.ಮೀ., ಒಂಬತ್ತು ಸಾಲು. ಪುಸ್ತಕದ 25 ಸಾಲಿನ ಪುಟವನ್ನು ಹಾಗೆಯೇ 43 ಇಂಚಿನಲ್ಲಿ ತೋರಿಸಿದರೆ ಒಂದು ಸಾಲಿಗೆ ಎರಡು ಸೆಂ.ಮೀ. ಬರುತ್ತದೆ, ಒತ್ತಿಗೆ ಐದು ಮಿಲಿಮೀಟರ್. ಹಿಂದೆ ಕುಳಿತವರಿಗೆ ಅದು ಇರುವೆ ಸಾಲು. ಅವರು ಮುಂದಿನವರ ದನಿಗೆ ದನಿ ಸೇರಿಸಿ 'ಓದುತ್ತಾರೆ', ನಮಗೂ ವರ್ಗವೆಲ್ಲ ಓದಿತು ಅನಿಸುತ್ತದೆ! ಆದ್ದರಿಂದ ಕೊನೆಯ ಮಗು 13-14 ಅಡಿಯಲ್ಲಿದ್ದರೆ 55 ಇಂಚು, 16 ಅಡಿ ದಾಟಿದರೆ 65 ಇಂಚು ಎಂದಿಟ್ಟುಕೊಳ್ಳಬಹುದು. ಅದಕ್ಕೆ ಹಣ ಸಾಲದಿದ್ದರೆ ಮಕ್ಕಳನ್ನು ಹತ್ತಿರ ಕೂಡಿಸಿ, ಜಮಖಾನೆ ಮುಂದೆ ಎಳೆಯಲು ಖರ್ಚಿಲ್ಲ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದೂ ದೊಡ್ಡ ಪರದೆಗೆ ಅನುಕೂಲವೇ ಆಗಿದೆ.

ಮುಂದಿನದು ಬದಿಯ ನೋಟ. ನಮ್ಮಲ್ಲಿ ಎಷ್ಟೋ ಶಾಲೆಗಳಲ್ಲಿ ಎರಡು ಇಯತ್ತೆ ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಟಿ.ವಿ.ಯ ಎದುರು ನೇರವಾಗಿ ಇರುವವರು ಕಡಿಮೆ. ಎಲ್‌ಸಿಡಿ ಕುಲದಲ್ಲೇ 'ವಿಎ' ಮತ್ತು 'ಐಪಿಎಸ್' ಎಂದು ಎರಡು ಬಗೆಯ ಪರದೆಗಳಿವೆ. ವಿಎ ಪರದೆಯಲ್ಲಿ ಕಪ್ಪು ಚೆನ್ನಾಗಿರುತ್ತದೆ, ಆದರೆ ಬದಿಗೆ ಹೋದಂತೆ ಬಣ್ಣ ಬಿಳಚಿಕೊಳ್ಳುತ್ತದೆ. ಐಪಿಎಸ್‌ನಲ್ಲಿ ಕಪ್ಪು ಅಷ್ಟು ಗಾಢವಲ್ಲ, ಬದಿಯಿಂದ ಮಾತ್ರ ಚೆನ್ನಾಗಿ ಕಾಣುತ್ತದೆ. ಶಾಲೆಗೆ ಐಪಿಎಸ್ ಒಳ್ಳೆಯದು. ಡಬ್ಬಿಯ ಮೇಲೆ ಇದನ್ನು ಬರೆಯದಿರುವುದೇ ಹೆಚ್ಚು. ಆದ್ದರಿಂದ ಅಂಗಡಿಯಲ್ಲಿ ಟಿ.ವಿ.ಯ ಎದುರು ನಿಲ್ಲದೆ, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಮುಖದ ಬಣ್ಣ ಸುಣ್ಣ ಬಳಿದಂತೆ ಕಂಡರೆ ಬೇರೆ ತೋರಿಸಿ ಅನ್ನಿ. ಹಾಗೆಯೇ ಅಂಗಡಿಯಲ್ಲಿ ಟಿ.ವಿ.ಗಳನ್ನು ಅತಿ ಹೊಳಪಿಗೆ ಇಟ್ಟಿರುತ್ತಾರೆ. 'ಸ್ಟ್ಯಾಂಡರ್ಡ್'ಗೆ ಇಡಿಸಿ ನೋಡಬೇಕು. ಕನ್ನಡಿಯಂತೆ ಮಿನುಗುವ ಪರದೆಗಿಂತ ಮಂದ ಮೈಯ ಪರದೆ ಮೇಲು. ಕಿಟಕಿಯ ಎದುರು ಗೋಡೆಗೆ ಎಷ್ಟೇ ದುಬಾರಿ ಟಿ.ವಿ. ಹಾಕಿದರೂ ಮಕ್ಕಳಿಗೆ ಕಾಣುವುದು ಕಿಟಕಿಯೇ.

ಧ್ವನಿಯನ್ನಂತೂ ಯಾರೂ ಕೇಳಿ ಕೊಳ್ಳುವುದಿಲ್ಲ. ಟಿ.ವಿ. ತೆಳ್ಳಗಾದಷ್ಟು ಅದರ ಸ್ಪೀಕರಿನ ಜಾಗವೂ ಕಿರಿದಾಯಿತು. ಹಲವುಗಳಲ್ಲಿ ಅದು ಕೆಳಗೆ ಇಲ್ಲವೆ ಹಿಂದೆ ಮುಖ ಮಾಡಿರುತ್ತದೆ. ಪತ್ರಾಸಿನ ಕೋಣೆಯಲ್ಲಿ ಮಳೆ ಬಂದರೆ ಕೇಳಿದಂತೆಯೇ! ಮನೆಯಲ್ಲಿ ಮರಾಠಿ, ತೆಲುಗು, ಲಂಬಾಣಿ ಆಡುವ ಮಕ್ಕಳು ನಮ್ಮಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಅವರಿಗೆ 'ಕರ' 'ಖರ' ಬೇರೆಯೆಂದು ಕಿವಿಗೆ ತಿಳಿಯಬೇಕು. ಒಂದು ಸಾಧಾರಣ ಹೊರಗಿನ ಸ್ಪೀಕರು ಕ್ಯೂಎಲ್‌ಇಡಿಯ ಬಣ್ಣಕ್ಕಿಂತ ಹೆಚ್ಚು ಪಾಠ ಕಲಿಸುತ್ತದೆ. ಕರೆಂಟಿನದೂ ಅಷ್ಟೇ ಮುಖ್ಯ. 55 ಇಂಚಿನ ಎಲ್‌ಇಡಿ ನೂರರಿಂದ ನೂರೈವತ್ತು ವ್ಯಾಟಿನ ಆಸುಪಾಸು ಎಳೆಯುತ್ತದೆ, ಒಂದು ಇನ್ವರ್ಟರಿಗೆ ಅದು ಭಾರವಲ್ಲ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕೇ ಬೇಕು. ವಾರಂಟಿಯ ಕಾಗದವನ್ನೂ ಓದಿ, ಮನೆ ಬಳಕೆಗೆ ಮಾತ್ರ ಎಂಬ ಷರತ್ತು ಕೆಲವದರಲ್ಲಿ ಇರುತ್ತದೆ. ಸಂಸ್ಥೆಗೂ ಸೇವೆ ಕೊಡುತ್ತೇವೆಂದು ಬರೆದುಕೊಡುವ ಅಂಗಡಿಯೇ ಒಳ್ಳೆಯದು.

"ಮುಟ್ಟಿ ಬರೆಯುವ ಪ್ಯಾನೆಲ್ ತರೋಣ" ಅನ್ನುವವರೂ ಇದ್ದಾರೆ. ಒಳ್ಳೆಯ ಸಾಧನ, ಸರಕಾರವೇ ಕೊಟ್ಟರೆ ಕೈಮುಗಿದು ತೆಗೆದುಕೊಳ್ಳೋಣ. ಆದರೆ ವರ್ಗಣಿ ಹಣದಲ್ಲಿ ಅಷ್ಟು ಬೆಲೆಯ ಒಂದೇ ವಸ್ತು ಬೇಡ ಅನ್ನುತ್ತೇವೆ. ಬರೆಯಲು ಪಕ್ಕದಲ್ಲೇ ಕರಿಹಲಗೆ ಇದೆ. ಪ್ರೊಜೆಕ್ಟರಿನಲ್ಲಿ ಚಿತ್ರ ದೊಡ್ಡದು ಬರುತ್ತದೆ ನಿಜ, ಆದರೆ ಕೋಣೆ ಕತ್ತಲೆ ಮಾಡಬೇಕು. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಮಕ್ಕಳನ್ನು ಕೂಡಿಸುವುದು ಶಿಕ್ಷೆಯೇ ಸರಿ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. "ಊರಿಗೆ ಇಂಗ್ಲಿಷ್ ಶಾಲೆಯ ವ್ಯಾನು ಬರತದ. ಪಾಲಕರು ದೊಡ್ಡ ಟಿ.ವಿ. ನೋಡಿ ಹೆಸರು ಹಚ್ಚತಾರ. ನಾವು ಕಡಿಮಿದು ತಂದರ ಹೆಂಗ?" ಅಂತ. ಈ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಆಮೇಲೆ ಶಾಲೆಯೂ ಹೋಗುತ್ತದೆ. ಆದರೆ ಜೂನ್ ತಿಂಗಳಲ್ಲಿ ಟಿ.ವಿ. ನೋಡಿ ಹೆಸರು ಹಚ್ಚಿದ ಪಾಲಕರು ಮುಂದಿನ ಜೂನ್‌ನಲ್ಲಿ ಮಗುವಿನ ಓದು ನೋಡುತ್ತಾರೆ. ಮಗು ದಿನಪತ್ರಿಕೆಯ ತಲೆಬರಹವನ್ನು ತಡವರಿಸದೆ ಓದಿದರೆ ಉಳಿಸುತ್ತಾರೆ, ಇಲ್ಲದಿದ್ದರೆ ವ್ಯಾನು ಬಾಗಿಲಲ್ಲೇ ಇದೆ.

ಕೊನೆಯದು, ನಮಗೆ ಎಲ್ಲಕ್ಕಿಂತ ದೊಡ್ಡದು. ಆ ಪರದೆಯ ಮೇಲೆ ಏನು ಬರುತ್ತದೆ? ಬಾಲಭಾರತಿಯವರು ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಹಾಕುತ್ತಾರೆ. ಆದರೆ ಹುಡುಕಿದಾಗ ಸಿಗುವ ವಿಡಿಯೋ ಪಾಠಗಳಲ್ಲಿ ಹೆಚ್ಚಿನವು ಮರಾಠಿಯವು. ಕರ್ನಾಟಕದ ಪಠ್ಯಕ್ಕೆ ಮಾಡಿದ ಕನ್ನಡ ಸಾಮಗ್ರಿ ದೀಕ್ಷಾದಲ್ಲಿ ಇದೆ. ಭಿನ್ನರಾಶಿ, ದ್ಯುತಿಸಂಶ್ಲೇಷಣೆಗೆ ಅದು ಒದಗುತ್ತದೆ. ನಾಲ್ಕನೇ ಇಯತ್ತೆಯ ಶಿವಾಜಿ ಮಹಾರಾಜರ ಇತಿಹಾಸಕ್ಕೆ ಒದಗುವುದಿಲ್ಲ. ಸುಲಭಕ್ಕೆ ಸಿಕ್ಕಿತೆಂದು ಬೇರೆ ಭಾಷೆಯ ಪಾಠ ಹಚ್ಚಿ ಕುಳಿತರೆ, ಕನ್ನಡ ಶಾಲೆಗೆಂದು ಕನ್ನಡಿಗರು ಕೊಟ್ಟ ಹಣದ ಟಿ.ವಿ.ಯೇ ಕನ್ನಡವನ್ನು ಕೋಣೆಯಿಂದ ಹೊರಗೆ ಹಾಕಿದಂತಾಗುತ್ತದೆ. ಮರಾಠಿಯನ್ನು ನಮ್ಮ ಮಕ್ಕಳು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಲಿ. ಆದರೆ ಗಣಿತ, ವಿಜ್ಞಾನ ತಿಳಿಯುವುದು ಕನ್ನಡದಲ್ಲಿ ಆಗಬೇಕು.

ಇದಕ್ಕೆ ನಮ್ಮ ಸೂಚನೆ ಇಷ್ಟು. ಕೂಡಿದ್ದು 50 ಸಾವಿರವಾದರೆ 35 ಸಾವಿರದೊಳಗೆ ಟಿ.ವಿ. ಮುಗಿಯಲಿ. ಉಳಿದದ್ದರಲ್ಲಿ ಸ್ಪೀಕರು, ಸ್ಟೆಬಿಲೈಸರ್, ಒಂದು ಮೈಕು, ಮೊಬೈಲ್ ನಿಲ್ಲಿಸುವ ಸ್ಟ್ಯಾಂಡು ಬರಲಿ. ಪ್ರತಿ ಕೇಂದ್ರದ ಕನ್ನಡ ಗುರುಗಳು, ಅಕ್ಕೋರು ಶಿಕ್ಷಣ ಪರಿಷತ್ತಿನ ದಿನ ಪಾಠಗಳನ್ನು ಹಂಚಿಕೊಂಡು, ತಿಂಗಳಿಗೆ ಒಬ್ಬರು ಒಂದೇ ಪಾಠ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರೂ ವರ್ಷದಲ್ಲಿ ಒಂದು ಒಳ್ಳೆಯ ಸಂಗ್ರಹವಾಗುತ್ತದೆ. ಒಂದು ಎಚ್ಚರ: ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಮಾಡಿದ ಕಡತ ಟಿ.ವಿ.ಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಬರಬಹುದು. ಯುನಿಕೋಡಿನಲ್ಲಿ ಬರೆದು ಪಿಡಿಎಫ್ ಮಾಡಿಕೊಂಡರೆ ಈ ಕಾಟ ಇಲ್ಲ.

ಅಂಗಡಿಗೆ ಹೋಗುವಾಗ ಮುಖ್ಯಾಧ್ಯಾಪಕರು ಮತ್ತು ಸಮಿತಿಯ ಅಧ್ಯಕ್ಷರ ಜೊತೆ ಮೂರನೇ ಇಯತ್ತೆಯ ಒಂದು ಮಗುವನ್ನೂ ಕರೆದುಕೊಂಡು ಹೋಗಿ. ಪೆನ್‌ಡ್ರೈವಿನಲ್ಲಿ ಏಳು ಸಾಲಿನ ಒಂದು ಕನ್ನಡ ಪುಟ ಇರಲಿ. ಅದರಲ್ಲಿ 'ರಾಷ್ಟ್ರ', 'ಜ್ಯೋತ್ಸ್ನಾ', 'ಸ್ವಾತಂತ್ರ್ಯ' ಇಂಥ ಪದಗಳಿರಲಿ. ನಿಮ್ಮ ವರ್ಗಕೋಣೆಯ ಕೊನೆಯ ಸಾಲು ಎಷ್ಟು ಅಡಿಯೋ ಅಷ್ಟು ಹೆಜ್ಜೆ ಅಳೆದು, ಸ್ವಲ್ಪ ಓರೆಗೆ, ಆ ಮಗುವನ್ನು ನಿಲ್ಲಿಸಿ ಓದಿಸಿ. ತಡವರಿಸದೆ ಓದಿದರೆ ಬಿಲ್ಲು ಮಾಡಿಸಿ. ಇಲ್ಲದಿದ್ದರೆ ಅಂಗಡಿಯವರು ಎಷ್ಟೇ ಹೆಸರು ಹೇಳಲಿ, ಮುಂದಿನ ಟಿ.ವಿ. ತೋರಿಸಿ ಅನ್ನಿ.